ಒಳಗೆ ಮೃದು, ಮೇಲೆ ಗಟ್ಟಿ: ಸ್ತನದ ಆಪರೇಷನ್ ಆದಮೇಲೆ ಬಟ್ಟೆ ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಬಟ್ಟೆ ಬಗ್ಗೆ ಮಾತಾಡೋಣ. ಸ್ತನ ಕ್ಯಾನ್ಸರ್ ಬಂದು ಒಂದು ಅಥವಾ ಎರಡೂ ಸ್ತನ ತೆಗೆಸಿಕೊಂಡವರು ಆಮೇಲೆ ಏನು ಹಾಕಿಕೊಳ್ಳಬಹುದು, ಹೇಗೆ ಹಾಕಿಕೊಳ್ಳಬಹುದು ಅನ್ನೋದು ವಿಷಯ. ಈ ಆಪರೇಷನ್‌ಗೆ ಡಾಕ್ಟರ್‌ಗಳು ಮಾಸ್ಟೆಕ್ಟಮಿ ಅಂತಾರೆ. "ಇದು ನನಗಲ್ಲ" ಅಂತ ಇಯರ್‌ಫೋನ್ ತೆಗೀಬೇಡಿ. 2022ರ ಗ್ಲೋಬೊಕಾನ್ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲೇ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ. ನಮ್ಮ ಅಮ್ಮ, ಅತ್ತೆ, ಪಕ್ಕದ್ಮನೆ ಆಂಟಿ, ಯಾರಾದರೂ ಇದರಲ್ಲಿ ಇರಬಹುದು.

ನಾನಿರೋದು ಬಾಗಲೂರಲ್ಲಿ. ನಮ್ಮ ದೊಡ್ಡಮ್ಮನಿಗೆ ಬಲಗಡೆ ಆಪರೇಷನ್ ಆಗಿ ಎರಡು ವರ್ಷ ಆಯ್ತು. ಹುಷಾರಾದ ಮೇಲೂ ಆರು ತಿಂಗಳು ಒಂದು ಮದುವೆಗೂ ಹೋಗಲಿಲ್ಲ. ಕೇಳಿದ್ರೆ ಸುಸ್ತು ಅಂತಿದ್ರು. ನಿಜವಾದ ಕಾರಣ ಬೀರುವಿನಲ್ಲಿತ್ತು: ಒಂದು ಬ್ಲೌಸೂ ಸರಿಯಾಗಿ ಕೂರ್ತಿರಲಿಲ್ಲ. "ಜೀವ ಉಳಿದಿದ್ದೇ ದೊಡ್ಡದು, ಬಟ್ಟೆ ಚಿಂತೆ ಯಾಕೆ" ಅಂತ ಮನೆಯವರು ಹೇಳ್ತಾರೆ. ಸರಿ, ಆದರೆ ಉಳಿದ ಜೀವ ಮನೆಯಿಂದ ಆಚೆ ಬರಬೇಕಲ್ವಾ?

ಮೊದಲ ಕೆಲವು ವಾರ

ಆಪರೇಷನ್ ಆದ ಹೊಸದರಲ್ಲಿ ಕೈ ಮೇಲೆತ್ತೋದು ಕಷ್ಟ. ತಲೆ ಮೇಲಿಂದ ಹಾಕೋ ಕುರ್ತಾ, ಟೀಶರ್ಟ್ ಯಾವುದೂ ಆಗಲ್ಲ. ಗಾಯದೊಳಗಿನ ನೀರು ಹೊರಗೆ ಬರೋಕೆ ಸಣ್ಣ ಟ್ಯೂಬ್ ಹಾಕಿ, ಅದರ ತುದಿಗೆ ಒಂದು ಡಬ್ಬಿ ಇಟ್ಟಿರ್ತಾರೆ. ಹಾಗಾಗಿ ಮುಂದೆ ಬಟನ್ ಇರೋ ಸಡಿಲ ಕಾಟನ್ ಶರ್ಟ್ ಒಳ್ಳೇದು. ಒಳಗಡೆ ಒಂದು ಜೇಬು ಹೊಲಿಸಿದ್ರೆ ಡಬ್ಬಿ ಅದರಲ್ಲೇ ಕೂರುತ್ತೆ. ಮುಂದೆ ಪೂರ್ತಿ ಬಿಚ್ಚೋ ನೈಟಿಯೂ ಆಗುತ್ತೆ.

ಆಮೇಲೆ ಕೆಲವರಿಗೆ ರೇಡಿಯೇಷನ್. ಸಾಮಾನ್ಯವಾಗಿ ವಾರಕ್ಕೆ 5 ದಿನ, ಹೀಗೆ ಕೆಲವು ವಾರ. ನಮ್ಮ ಕಡೆಯಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕು ಅಂದ್ರೆ ಹೆಬ್ಬಾಳ ದಾಟಿ ಇಡೀ ಊರಿನ ಆ ತುದಿಗೆ ಹೋಗಬೇಕು. ರೇಡಿಯೇಷನ್ ಕೊಟ್ಟ ಕಡೆ ಚರ್ಮ ಉರಿಯುತ್ತೆ. ಅಲ್ಲಿಗೆ ಬಿಗಿ ಎಲಾಸ್ಟಿಕ್, ತಂತಿ ಇರೋ ಬ್ರಾ, ಚುಚ್ಚೋ ಜರಿ ತಾಗಬಾರದು.

ಪದರದ ಲೆಕ್ಕ

ನಾನು ಕಂಡುಕೊಂಡ ಸೂತ್ರ ಒಂದೇ. ಒಳಗೆ ಮೃದು, ಮೇಲೆ ಗಟ್ಟಿ. ಮೈಗೆ ತಾಗೋದು ಒಗೆದು ಒಗೆದು ಮೆತ್ತಗಾದ ಕಾಟನ್ ಇರಲಿ. ಮೇಲಿನದು ತಾನೇ ಆಕಾರ ಹಿಡಿದು ನಿಲ್ಲೋ ಬಟ್ಟೆ ಇರಲಿ. ಶಿಫಾನ್, ಜಾರ್ಜೆಟ್, ಲೈಕ್ರಾ ಮೈಗೆ ಅಂಟಿ ಎಡ ಬಲದ ವ್ಯತ್ಯಾಸವನ್ನ ಎತ್ತಿ ತೋರಿಸುತ್ತೆ. ಗಂಜಿ ಹಾಕಿದ ಕೈಮಗ್ಗದ ಕಾಟನ್ ಹಾಗೆ ಮಾಡಲ್ಲ. ಗುಳೇದಗುಡ್ಡದ ಖಣ ನೋಡಿದ್ದೀರಲ್ಲ, ಇಳಕಲ್ ಸೀರೆ ಜೊತೆ ಕುಪ್ಪಸ ಹೊಲಿಸೋ ಬಟ್ಟೆ? ಅದರಲ್ಲಿ ಮುಂದೆ ತೆರೆದ, ತೋಳಿಲ್ಲದ ಕೋಟ್ ಹೊಲಿಸಿ ಸಾದಾ ಕುರ್ತಾ ಮೇಲೆ ಹಾಕಿದ್ರೆ ಕಣ್ಣು ನೇರ ಆ ನೇಯ್ಗೆ ಮೇಲೆ ಹೋಗುತ್ತೆ. ಸಣ್ಣ ಪ್ರಿಂಟ್, ಓರೆ ಗೆರೆ, ಒಂದು ಕಡೆ ಇಳಿಬಿಟ್ಟ ವೇಲ್, ಇವೂ ಅದೇ ಕೆಲಸ ಮಾಡುತ್ತೆ.

ಮೇಲಿನ ಪದರ ತಟ್ಟಂತ ತೆಗೆಯೋ ಹಾಗಿರಲಿ. ಟಮಾಕ್ಸಿಫೆನ್ ಥರದ ಹಾರ್ಮೋನ್ ಮಾತ್ರೆ ತಗೊಳ್ಳೋರಿಗೆ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ಕೊಂಡು ಬರಬಹುದು. ಏಪ್ರಿಲ್ ಬಿಸಿಲಲ್ಲಿ ಕೇಳೋದೇ ಬೇಡ.

ಸೆರಗು ಯಾವ ಕಡೆ?

ನಾವು ಸಾಮಾನ್ಯವಾಗಿ ಸೆರಗು ಹಾಕೋದು ಎಡ ಭುಜದ ಮೇಲೆ. ಎಡಗಡೆ ಆಪರೇಷನ್ ಆಗಿದ್ರೆ ಸೆರಗೇ ಮುಚ್ಚುತ್ತೆ. ಬಲಗಡೆ ಆಗಿದ್ರೆ ಆ ಭಾಗ ಬಯಲಾಗುತ್ತೆ. ಅದಕ್ಕೆ ಉಡೋ ಶೈಲಿಯನ್ನೇ ಬದಲಾಯಿಸಬಹುದು. ಗುಜರಾತಿ ಶೈಲಿಯಲ್ಲಿ ಸೆರಗು ಬಲ ಭುಜದ ಮೇಲಿಂದ ಮುಂದಕ್ಕೆ ಬಂದು ಎದೆ ಮೇಲೆ ಹರಡುತ್ತೆ. ಕೊಡವ ಶೈಲಿಯಲ್ಲಿ ನೆರಿಗೆ ಹಿಂದೆ, ಸೆರಗು ಎಡ ಕಂಕುಳ ಕೆಳಗಿಂದ ಎದೆಗೆ ಅಡ್ಡ ಬಂದು ಬಲ ಭುಜದಲ್ಲಿ ನಿಲ್ಲುತ್ತೆ. ದೊಡ್ಡಮ್ಮ ಆರಿಸ್ಕೊಂಡಿದ್ದು ಕೊಡವ ಶೈಲಿ. ಮದುವೆ ಮನೆಯಲ್ಲಿ "ಇದೇನು ಹೊಸ ಸ್ಟೈಲು" ಅಂದವರಿಗೆ ಉಡೋದನ್ನ ಕಲಿಸಿಕೊಟ್ಟು ಬಂದ್ರು.

ಟೈಲರ್‌ಗೆ ಏನು ಹೇಳೋದು?

ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ವಿವರಿಸೋದು ಯಾರಿಗೂ ಇಷ್ಟ ಆಗಲ್ಲ. ಮನೆಯಲ್ಲೇ ಎಡ, ಬಲ ಬೇರೆ ಬೇರೆ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಲ್ಕು ಮಾತು ಸಾಕು. ಆಪರೇಷನ್ ಆದ ಕಡೆ ಡಾರ್ಟ್ ಬೇಡ, ಯಾಕಂದ್ರೆ ಬಟ್ಟೆಗೆ ಉಬ್ಬು ಕೊಡೋದೇ ಡಾರ್ಟ್. ಹುಕ್ಸ್ ಮುಂದೆ ಇರಲಿ. ಕತ್ತು ಸ್ವಲ್ಪ ಮೇಲಿರಲಿ. ಕಂಕುಳು, ತೋಳು ಸಡಿಲ ಇರಲಿ.

ಕೊನೇದನ್ನ ಮರೀಬೇಡಿ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ರೆ ಆ ಕೈಯಲ್ಲಿ ನೀರು ತುಂಬಿ ಬಾವು ಬರೋ ಸಾಧ್ಯತೆ ಇರುತ್ತೆ. ಇದಕ್ಕೆ ಲಿಂಫೆಡಿಮಾ ಅಂತಾರೆ. ಆ ಕೈಗೆ ಬಿಗಿ ತೋಳು, ಬಿಗಿ ಬಳೆ ಬೇಡ. ಬಳೆ ಅಥವಾ ಉಂಗುರ ಇದ್ದಕ್ಕಿದ್ದಂತೆ ಬಿಗಿ ಅನ್ನಿಸಿದ್ರೆ ಡಾಕ್ಟರ್‌ಗೆ ತೋರಿಸಿ.

ಪ್ಯಾಡ್ ಬೇಕೇ ಬೇಕಾ?

ಬೇಕು ಅನ್ನಿಸಿದ್ರೆ ಬೇಕು, ಅಷ್ಟೇ. ಬಾರ್ಬಿ ಗೊಂಬೆ ಮಾಡಿದ ರುತ್ ಹ್ಯಾಂಡ್ಲರ್ ಗೊತ್ತಲ್ಲ? 1970ರಲ್ಲಿ ಅವರಿಗೇ ಈ ಆಪರೇಷನ್ ಆಯ್ತು. ಆಗ ಸಿಗ್ತಿದ್ದ ಕೃತಕ ಸ್ತನ ಹಿಡಿಸದೆ, ಎಡಕ್ಕೊಂದು ಬಲಕ್ಕೊಂದು ಅಂತ ಚಪ್ಪಲಿ ಥರ ಬೇರೆ ಬೇರೆಯಾಗಿ ತಾವೇ ಮಾಡಿಸಿ ಮಾರಿದ್ರು. ಈಗ ಸಿಲಿಕಾನ್‌ನದ್ದು ಸಿಗುತ್ತೆ. ಅದಕ್ಕೆ ತೂಕ ಇರೋದ್ರಿಂದ ಬ್ರಾ ಮೇಲಕ್ಕೆ ಸರಿಯಲ್ಲ, ಆದರೆ ಬೆಲೆ ಜಾಸ್ತಿ. ಗಾಯ ಪೂರ್ತಿ ಮಾಗಿದ ಮೇಲೆ, ಡಾಕ್ಟರ್ ಸರಿ ಅಂದಮೇಲೇ ಅದು. ಹತ್ತಿ ನೂಲಲ್ಲಿ ಹೆಣೆದ ಹಗುರವಾದದ್ದೂ ಇದೆ. 2011ರಲ್ಲಿ ಅಮೆರಿಕದಲ್ಲಿ ಶುರುವಾದ ನಿಟೆಡ್ ನಾಕರ್ಸ್ ಅನ್ನೋ ಸ್ವಯಂಸೇವಕರ ಗುಂಪು ಇವನ್ನ ಉಚಿತವಾಗಿ ಕೊಡುತ್ತೆ. ಕ್ರೋಶಾ ಬರೋರು ಮನೆಯಲ್ಲೇ ಹೆಣೆಯಬಹುದು. ಬ್ರಾ ಒಳಗೆ ಒಂದು ಜೇಬು ಹೊಲಿದ್ರೆ ಜಾರಲ್ಲ.

ಏನನ್ನೂ ಇಟ್ಟುಕೊಳ್ಳದೆ, ಇದ್ದ ಹಾಗೇ ಕುರ್ತಾ ಹಾಕೋರೂ ಇದ್ದಾರೆ. ಅದೂ ಒಂದು ಸ್ಟೈಲೇ. ಕೆಲವರು ಮನೆಯಲ್ಲಿ ಹಾಗೇ ಇದ್ದು, ಆಫೀಸಿಗೆ ಮಾತ್ರ ಪ್ಯಾಡ್ ಹಾಕ್ತಾರೆ. ಪದರದ ಬಟ್ಟೆಯ ಲಾಭ ಇದೇ. ಎಷ್ಟು ಮುಚ್ಚಬೇಕು, ಯಾವತ್ತು, ಯಾರ ಮುಂದೆ ಅನ್ನೋದನ್ನ ಹಾಕಿಕೊಳ್ಳೋರೇ ತೀರ್ಮಾನ ಮಾಡಬಹುದು.

ಖರ್ಚಿನ ಮಾತು

ಬಿಕಾಂ ಓದಿದವಳು, ಲೆಕ್ಕ ಹೇಳದೆ ಮುಗಿಸೋಕಾಗಲ್ಲ. ಚಿಕಿತ್ಸೆಗೇ ಮನೆಯ ದುಡ್ಡೆಲ್ಲ ಹೋಗಿರುತ್ತೆ. ಬೀರು ಖಾಲಿ ಮಾಡಬೇಡಿ. ಬಟ್ಟೆಯನ್ನ ಮೂರು ಗುಂಪು ಮಾಡಿ: ಹಾಗೇ ಹಾಕೋದು, ಮೇಲೊಂದು ಪದರ ಇದ್ರೆ ಸಾಕು ಅನ್ನೋದು, ಟೈಲರ್ ಹತ್ತಿರ ಹೋಗೋದು. ಹೊಸದಾಗಿ ಬೇಕಾಗೋದು ಎರಡು ಕೋಟ್, ಎರಡು ಮೃದು ಒಳ ಉಡುಪು, ಅಷ್ಟೇ. ಹಳೇ ಕಾಟನ್ ಸೀರೆಯಲ್ಲೇ ಕೋಟ್ ಹೊಲಿಸಿದ್ರೆ ಖರ್ಚು ಹೊಲಿಗೆ ಕೂಲಿ ಮಾತ್ರ.

ಕೇಳ್ತಿರೋ ನಿಮಗೆ ಒಂದೇ ಕೆಲಸ. ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಇದ್ರೆ, ಆನ್‌ಲೈನಲ್ಲಿ ಏನೋ ಆರ್ಡರ್ ಮಾಡಿ ಸರ್‌ಪ್ರೈಸ್ ಕೊಡೋಕೆ ಹೋಗಬೇಡಿ. ಪಕ್ಕ ಕೂತು, "ನಿಮಗೆ ಮತ್ತೆ ಯಾವ ಸೀರೆ ಉಡಬೇಕು ಅನ್ನಿಸ್ತಿದೆ?" ಅಂತ ಕೇಳಿ. ಅವರು ತೋರಿಸಿದ ಸೀರೆಯಿಂದಲೇ ಕೆಲಸ ಶುರು ಮಾಡಿ.