ಮೂರು ದಿನದ ಬಟ್ಟೆ

ಆ ಭಾನುವಾರ ನ್ಯೂ ಆರ್ಲಿಯನ್ಸ್ ಕಡೆಗೆ ಹೋಗುವ ದಾರಿಯೇ ಇರಲಿಲ್ಲ. ಐ-10 ಹೆದ್ದಾರಿಯ ಎರಡೂ ಪಕ್ಕಗಳಲ್ಲಿ ವಾಹನಗಳು ಊರಿನಿಂದ ಹೊರಮುಖವಾಗಿಯೇ ತೆವಳುತ್ತಿದ್ದವು. ಊರಿಗೆ ಬರುವವರ ಪಕ್ಕವನ್ನೂ ಹಿಂದಿನ ದಿನದಿಂದಲೇ ಹೋಗುವವರಿಗೆ ಬಿಟ್ಟುಕೊಟ್ಟಿದ್ದರು. ಅದು 2005ರ ಆಗಸ್ಟ್ 28. ಮೆಕ್ಸಿಕೊ ಕೊಲ್ಲಿಯ ಮೇಲೆ ಕತ್ರಿನಾ ಚಂಡಮಾರುತದ ಗಾಳಿ ಗಂಟೆಗೆ 280 ಕಿ.ಮೀ. ಮುಟ್ಟಿತ್ತು. ಎಲ್ಲರೂ ಊರು ಬಿಡಲೇಬೇಕೆಂದು ಮೇಯರ್ ರೇ ನೇಗಿನ್ ಬೆಳಿಗ್ಗೆ ಆದೇಶಿಸಿದ್ದರು. ಅಂಥ ಕಡ್ಡಾಯದ ಆದೇಶವನ್ನು ಆ ನಗರ ಕೇಳಿದ್ದು ಅದೇ ಮೊದಲು.

ಕಾರುಗಳ ಹಿಂದಿನ ಸೀಟಿನಲ್ಲಿ ನಾಯಿ, ಪಂಜರದೊಳಗೆ ಬೆಕ್ಕು, ಮದುವೆಯ ಆಲ್ಬಮ್, ಗುಳಿಗೆಯ ಡಬ್ಬಿ, ಫ್ರೀಜರಿನಿಂದ ಎತ್ತಿ ಐಸ್ ಪೆಟ್ಟಿಗೆಗೆ ಸುರಿದ ಸಿಗಡಿ. ಬಟ್ಟೆ ಮಾತ್ರ ಮೂರು ದಿನಕ್ಕಾಗುವಷ್ಟು. ಅನುಭವ ಕಲಿಸಿದ ಲೆಕ್ಕ ಅದು. 1998ರಲ್ಲಿ ಜಾರ್ಜಸ್ ಚಂಡಮಾರುತ ಬರುತ್ತದೆಂದು ಓಡಿದ್ದರು, ಅದು ಮಿಸಿಸಿಪಿಯತ್ತ ಸರಿದಿತ್ತು. ಹಿಂದಿನ ವರ್ಷವಷ್ಟೇ ಐವಾನ್ ಬರುತ್ತದೆಂದು ಓಡಿದ್ದರು, ಅದು ಅಲಬಾಮಾದ ಮೇಲೆ ಹೋಗಿತ್ತು. ಈ ಸಲವೂ ಅಷ್ಟೇ: ಹೋಗುವುದು, ಯಾರದೋ ಮನೆಯಲ್ಲಿ ಟೀವಿ ನೋಡುವುದು, ಬುಧವಾರದ ಹೊತ್ತಿಗೆ ಮರಳಿ ಬಂದು ಅಂಗಳದ ಕೊಂಬೆ ಗುಡಿಸುವುದು.

ಹೀಗೆ ಹೊರಟವರು ಹತ್ತು ಲಕ್ಷಕ್ಕೂ ಹೆಚ್ಚು. ಬೇಟನ್ ರೂಜ್‌ನಲ್ಲಿ ತಂಗಿಯ ಮನೆ, ಜಾಕ್ಸನ್‌ನಲ್ಲಿ ಸೋದರತ್ತೆ, ಮೆಂಫಿಸ್‌ನಲ್ಲಿ ಕಾಲೇಜಿನ ಗೆಳೆಯ, ದಾರಿಯುದ್ದಕ್ಕೂ ಗುಜರಾತಿನ ಪಟೇಲರು ನಡೆಸುವ ಮೋಟೆಲುಗಳು. ಸುಮಾರು 560 ಕಿ.ಮೀ. ದೂರದ ಹ್ಯೂಸ್ಟನ್ ಆರು ತಾಸಿನ ದಾರಿ. ಆ ದಿನ ಕೆಲವರಿಗೆ ಅದರ ಎರಡು, ಮೂರು ಪಟ್ಟು ಹಿಡಿಯಿತು.

ಹ್ಯೂಸ್ಟನ್ನಿನ ಪಶ್ಚಿಮದ ಬಡಾವಣೆಯಲ್ಲಿ ಅಂಥವರಿಗೆ ಬಾಗಿಲು ತೆರೆದ ಮನೆಗಳಲ್ಲೊಂದನ್ನು ನೋಡಿ. ಎರಡಂತಸ್ತು, ಮುಂದೆ ಓಕ್ ಮರ, ಹೊಸ್ತಿಲ ಬಳಿ ಚಪ್ಪಲಿಯ ರಾಶಿ. ಕನ್ನಡದ ಮನೆ. ಮನೆಯಾಕೆಯ ತೀರ್ಥಹಳ್ಳಿ ಕಡೆಯ ಅತ್ತೆ ಆರು ತಿಂಗಳ ವೀಸಾದ ಮೇಲೆ ಬಂದಿದ್ದಾರೆ. ನಡುರಾತ್ರಿ ಕಾರು ನಿಂತಾಗ ಇಳಿದದ್ದು ನ್ಯೂ ಆರ್ಲಿಯನ್ಸ್‌ನ ಜೆಂಟಿಲಿ ಬಡಾವಣೆಯ ದಂಪತಿ, ಇಬ್ಬರು ಮಕ್ಕಳು. ಗಂಡಸರಿಬ್ಬರು ದಾವಣಗೆರೆಯಲ್ಲಿ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು, ಹೆಂಗಸರಿಗೆ ಅಷ್ಟಾಗಿ ಪರಿಚಯವಿಲ್ಲ. ಕಾರಿನಿಂದ ಕೊನೆಗೆ ಇಳಿದವರು ಪಕ್ಕದ ಮನೆಯ ಅಜ್ಜಿ. ಎಪ್ಪತ್ತು ದಾಟಿದ ಕಪ್ಪು ಹೆಂಗಸು, ಕೈಯಲ್ಲಿ ಬೈಬಲ್ಲು, ತಲೆಗೆ ಹೂವಿನ ವಸ್ತ್ರ. ಅವರ ಬಳಿ ಕಾರಿರಲಿಲ್ಲ. 2000ದ ಜನಗಣತಿಯ ಪ್ರಕಾರ ಆ ನಗರದ ನಾಲ್ಕರಲ್ಲೊಂದು ಮನೆಯಲ್ಲಿ ವಾಹನವೇ ಇರಲಿಲ್ಲ. ಅಜ್ಜಿ ಬರಲೊಪ್ಪಿರಲಿಲ್ಲ. ಮಕ್ಕಳು ಹೋಗಿ ಕೈಹಿಡಿದು ಎಳೆದ ಮೇಲೆ ಎದ್ದಿದ್ದರು.

ಸೋಮವಾರ ಬೆಳಿಗ್ಗೆ ಚಂಡಮಾರುತ ನೆಲ ಮುಟ್ಟಿತು, ನಗರದ ಸ್ವಲ್ಪ ಪೂರ್ವಕ್ಕೆ ಹಾದುಹೋಯಿತು. ದೊಡ್ಡ ಗಂಡಾಂತರ ತಪ್ಪಿತೆಂದು ಟೀವಿಯವರು ಅಂದರು. ಮನೆಯಾಕೆ ಚಿತ್ರಾನ್ನ, ಹಪ್ಪಳ ಮಾಡಿದಳು. ಮಕ್ಕಳು ಮಹಡಿಯಲ್ಲಿ ಗದ್ದಲವೆಬ್ಬಿಸಿದರು. ನಾಳೆ ನಸುಕಿಗೇ ಹೊರಡುವುದೆಂದು ಗಂಡಸರು ನಕ್ಷೆ ಹರಡಿಕೊಂಡು ಕೂತರು.

ಮಂಗಳವಾರ ಟೀವಿಯಲ್ಲಿ ಬರೀ ನೀರು. 17ನೇ ಬೀದಿಯ ಕಾಲುವೆ, ಲಂಡನ್ ಅವೆನ್ಯೂ ಕಾಲುವೆ, ಇಂಡಸ್ಟ್ರಿಯಲ್ ಕಾಲುವೆ, ಮೂರರ ತಡೆಗೋಡೆಗಳೂ ಸೋಮವಾರವೇ ಒಡೆದಿದ್ದವು. ಪಾಂಚರ್‌ಟ್ರೇನ್ ಸರೋವರದ ನೀರು, ಸಮುದ್ರಮಟ್ಟಕ್ಕಿಂತ ಕೆಳಗಿರುವ ಬಡಾವಣೆಗಳಿಗೆ ಸದ್ದಿಲ್ಲದೆ ಇಳಿಯುತ್ತಿತ್ತು. ನಗರದ ಶೇ. 80 ಭಾಗ ಮುಳುಗಿತು. ಲಂಡನ್ ಅವೆನ್ಯೂ ಕಾಲುವೆ ಹಾದುಹೋಗುವುದು ಜೆಂಟಿಲಿಯ ನಡುವಿನಿಂದಲೇ. ಹೆಲಿಕಾಪ್ಟರಿನ ಕ್ಯಾಮೆರಾ ಸೂರುಗಳ ಮೇಲೆ ಹಾಯುವಾಗ ನಾಲ್ಕು ಜನ ಟೀವಿಗೆ ಮುಖ ತಗಲುವಷ್ಟು ಹತ್ತಿರ ಹೋದರು. "ಅಕಾ ಅಲ್ಲಿ, ಆ ಇಗರ್ಜಿ ದಾಟಿದ ಮೇಲೆ..." ಅನ್ನುವಷ್ಟರಲ್ಲಿ ಚಿತ್ರ ಬದಲಾಗುತ್ತಿತ್ತು. ಅಜ್ಜಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. 1965ರ ಬೆಟ್ಸಿ ಚಂಡಮಾರುತದಲ್ಲಿ ನೀರು ಕಂಡವರು ಅವರು. ಅಟ್ಟದಲ್ಲಿ ಕೊಡಲಿ ಇಟ್ಟುಕೊಳ್ಳಬೇಕು, ನೀರು ಏರಿದರೆ ಸೂರು ಕಡಿದು ಮೇಲೆ ಬರಲಿಕ್ಕೆ, ಎಂದು ಆಗಲೇ ಕಲಿತಿದ್ದರಂತೆ. ಪಕ್ಕದ ಬೀದಿಯ ಯಾರ್‍ಯಾರ ಮನೆಯಲ್ಲಿ ಕೊಡಲಿ ಇತ್ತು, ಯಾರಲ್ಲಿ ಇರಲಿಲ್ಲ ಎಂದು ಬೆರಳು ಮಡಚಿ ಎಣಿಸುತ್ತಿದ್ದರು.

ಆವತ್ತಿನಿಂದ ಆ ಮನೆಯಲ್ಲಿ "ನಾಳೆ ಹೊರಡುವುದು" ಎಂಬ ಮಾತು ನಿಂತುಹೋಯಿತು. ಎಷ್ಟು ದಿನ ಎಂದು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಗಾಳಿ ತುಂಬುವ ಹಾಸಿಗೆಗೆ ರಾತ್ರಿ ಪಂಪು ಒತ್ತುವ ಸದ್ದು, ಬೆಳಗಾಗುವ ಮುನ್ನ ಅದರ ಗಾಳಿ ಬಿಡುವ ಸದ್ದು. ಮನೆಯವರು ಏಳುವುದರೊಳಗೆ ಹಾಸಿಗೆ ಮಡಚಿ, ಸೋಫಾದ ದಿಂಬು ಸರಿಮಾಡಿ, ತಾವು ಮಲಗಿದ್ದ ಗುರುತೇ ಇಲ್ಲದಂತೆ ಮಾಡುವುದು ಬಂದವರ ದಿನಚರಿ. ಬಟ್ಟೆಯಂತ್ರ ಹಗಲೂ ರಾತ್ರಿ ತಿರುಗುತ್ತದೆ, ಯಾಕೆಂದರೆ ಇರುವುದು ಮೂರೇ ಜೊತೆ. ಬಚ್ಚಲಿನ ಬಿಸಿನೀರು ಮೂರನೆಯವರಿಗೆ ಮುಗಿಯುತ್ತದೆ. ನ್ಯೂ ಆರ್ಲಿಯನ್ಸ್‌ನ 504ರಿಂದ ಶುರುವಾಗುವ ಮೊಬೈಲುಗಳು ಹ್ಯೂಸ್ಟನ್ನಿನಲ್ಲಿದ್ದರೂ ಕರೆ ಹಿಡಿಯುತ್ತಿಲ್ಲ. ಆ ಕರೆಗಳು ಹಾಯಬೇಕಾದ ಯಂತ್ರಗಳು ಮುಳುಗಿದ ಊರಿನಲ್ಲಿವೆ. ಎಸ್ಸೆಮ್ಮೆಸ್ ಮಾತ್ರ ಹೇಗೋ ದಾಟುತ್ತದೆ. ಅಜ್ಜಿಯ ಮೊಮ್ಮಗ ಬದುಕಿದ್ದಾನೆಂಬ ಸುದ್ದಿ ಬಂದದ್ದು ಹಾಗೆ. ಹುಡುಗರು ಅದನ್ನು ಓದಿ ಹೇಳಿ, ಉತ್ತರ ಒತ್ತುವುದನ್ನೂ ಅಜ್ಜಿಗೆ ಕಲಿಸಿದರು.

ಎರಡು ಸಂಸಾರಕ್ಕೂ ಜಗಳವಾಡಲು ಜಾಗವಿಲ್ಲ. ಮನೆಯಾಕೆ ಗಂಡನ ಮೇಲೆ ರೇಗಬೇಕಾದರೆ ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತಾಳೆ. ಬಂದಾಕೆ ಅಳಬೇಕಾದರೆ ಬಚ್ಚಲಲ್ಲಿ ನಲ್ಲಿ ಬಿಡುತ್ತಾಳೆ. ಇಬ್ಬರಿಗೂ ಅದು ಗೊತ್ತು. ಊಟಕ್ಕೆ ಕೂತಾಗ ಇಬ್ಬರೂ ಮೆಂತ್ಯಸೊಪ್ಪಿನ ಬೆಲೆಯ ಬಗ್ಗೆ ಮಾತಾಡುತ್ತಾರೆ.

ಮೊದಲ ಬಿರುಕು ಹಾಲಿನಿಂದ ಬಂತು. ಬಂದ ಗೆಳೆಯ ಒಂದು ಸಂಜೆ ಹಿಲ್‌ಕ್ರಾಫ್ಟ್ ಬೀದಿಯ ಭಾರತೀಯ ಅಂಗಡಿಗೆ ಹೋಗಿ ಅಕ್ಕಿ ಮೂಟೆ, ತೊಗರಿಬೇಳೆ, ಎರಡು ಗ್ಯಾಲನ್ ಹಾಲು ಹೊತ್ತು ತಂದ. "ಇದೆಲ್ಲ ಯಾಕೆ ತಂದ್ರಿ? ನಮ್ಮನ್ನ ಹೊರಗಿನವರು ಅಂದ್ಕೊಂಡ್ರಾ?" ಎಂದು ಮನೆಯಾಕೆ ಪ್ರೀತಿಯಿಂದಲೇ ಗದರಿದಳು. ಅವನ ಮುಖ ಇಳಿದುಹೋಯಿತು. ಅತ್ತೆ ಅಡುಗೆಮನೆಯಿಂದಲೇ ಅಂದರು: "ತರ್ಲಿ ಬಿಡು ಮಾರಾಯ್ತಿ. ಬರೀ ಉಣ್ಣೂದೇ ಆದ್ರೆ ಅವ್ರಿಗೆ ಗಂಟಲಲ್ಲಿ ಇಳಿಯೂದು ಹ್ಯಾಂಗೆ?" ಮರುದಿನ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಬಂತು. ದಿನಸಿ ಒಂದು ವಾರ ಅವರದು, ಒಂದು ವಾರ ಇವರದು. ಪಾತ್ರೆ, ಕಸ, ಮಕ್ಕಳ ಸ್ನಾನ, ಎಲ್ಲಕ್ಕೂ ಹೆಸರು. ಚೀಟಿ ಬಂದ ಮೇಲೆ ಮನೆಯಲ್ಲಿ ಮೊದಲ ಸಲ ಯಾರೋ ಜೋರಾಗಿ ನಕ್ಕರು.

ಅಜ್ಜಿಯ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಚೀಟಿ ನೋಡಿ, ಪೆನ್ನು ಕೇಳಿ, ಸೋಮವಾರದ ಅಡುಗೆ ತಮ್ಮದೆಂದು ಬರೆದರು. ನ್ಯೂ ಆರ್ಲಿಯನ್ಸ್‌ನಲ್ಲಿ ಸೋಮವಾರವೆಂದರೆ ಕೆಂಪು ಕಾಳು ಮತ್ತು ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಒಲೆಯ ಮೇಲೆ ಕಾಳು ತನ್ನಷ್ಟಕ್ಕೆ ಬೇಯಲು ಬಿಟ್ಟು ಹೆಂಗಸರು ಒಗೆಯಲು ಕೂರುತ್ತಿದ್ದರು. ಅದಕ್ಕೆ ಹಂದಿಮಾಂಸದ ಎಲುಬು ಬೀಳಲೇಬೇಕು. ಈ ಮನೆಯಲ್ಲಿ ಅದು ನಡೆಯದೆಂದು ಅಜ್ಜಿಗೆ ಯಾರೂ ಹೇಳಬೇಕಾಗಲಿಲ್ಲ. ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಹೆಚ್ಚಿ, ಸಣ್ಣ ಉರಿಯಲ್ಲಿ ಮಧ್ಯಾಹ್ನವಿಡೀ ಬೇಯಿಸಿದರು. ಅತ್ತೆ ತಮ್ಮ ತಟ್ಟೆಗೆ ಬಿದ್ದದ್ದಕ್ಕೆ ಇಂಗಿನ ಒಗ್ಗರಣೆ ಹಾಕಿಕೊಂಡು ಎರಡು ಸಲ ಬಡಿಸಿಕೊಂಡರು.

ಅವರಿಬ್ಬರಿಗೂ ಮಾತಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ಬೆಳಗಿನ ಕಾಫಿಯ ಹೊತ್ತಿಗೆ ಇಬ್ಬರೂ ಎಲ್ಲರಿಗಿಂತ ಮೊದಲು ಅಡುಗೆಮನೆಯಲ್ಲಿರುತ್ತಾರೆ. ಅತ್ತೆ ಊರಿನಿಂದ ತಂದ ಪುಡಿಯಲ್ಲಿ ಚಿಕೋರಿ ಬೆರೆತಿದೆ. ಹಿತ್ತಾಳೆ ಫಿಲ್ಟರಿನಿಂದ ಇಳಿದ ಗಟ್ಟಿ ಡಿಕಾಕ್ಷನ್ನಿಗೆ ಕಾಯಿಸಿದ ಹಾಲು. ಮೊದಲ ದಿನ ಒಂದು ಗುಟುಕು ಕುಡಿದ ಅಜ್ಜಿ ಲೋಟವನ್ನು ಮೂಗಿನ ಹತ್ತಿರ ಹಿಡಿದು ಅತ್ತೆಯ ಮುಖವನ್ನೇ ನೋಡಿದ್ದರು. ನ್ಯೂ ಆರ್ಲಿಯನ್ಸ್ ಕುಡಿಯುವುದೂ ಚಿಕೋರಿ ಕಾಫಿಯೇ. ಫ್ರೆಂಚರಿಂದ ಬಂದ ರೂಢಿ, ಅಂತರ್ಯುದ್ಧದ ಕಾಲದಲ್ಲಿ ಬಂದರು ಮುಚ್ಚಿ ಕಾಫಿಬೀಜ ಸಿಗದಾದಾಗ ಬಲವಾಯಿತು. ಅಮೆರಿಕದ ಉಳಿದ ಕಡೆ ಸಿಗುವ ತೆಳು ಕಾಫಿ ಆ ಊರಿನವರ ನಾಲಿಗೆಗೆ ಹತ್ತುವುದಿಲ್ಲ.

ಇತ್ತ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಕ್ರೀಡಾಂಗಣಕ್ಕೆ ಸೆಪ್ಟೆಂಬರ್ 1ರಿಂದ ಬಸ್ಸುಗಳು ಬರತೊಡಗಿದವು. ಕಾರಿಲ್ಲದವರು, ಹೋಗಲು ಯಾರ ಮನೆಯೂ ಇಲ್ಲದವರು. ಬೇಸ್‌ಬಾಲ್ ಆಡುತ್ತಿದ್ದ ನೆಲದ ಮೇಲೆ ಸಾಲು ಮಂಚಗಳು, ಸಾವಿರಾರು ಜನ, ರಾತ್ರಿಯೂ ಆರದ ದೀಪ. ಗೋಡೆ ತುಂಬ ಕಳೆದುಹೋದವರನ್ನು ಹುಡುಕುವ ಚೀಟಿಗಳು. ಬೆಲೇರ್ ರಸ್ತೆಯ ಹಾಂಕಾಂಗ್ ಸಿಟಿ ಮಾಲ್‌ನಲ್ಲಿ ಇನ್ನೊಂದು ದೃಶ್ಯ. ನ್ಯೂ ಆರ್ಲಿಯನ್ಸ್‌ನ ಪೂರ್ವಭಾಗದ ವಿಯೆಟ್ನಾಂ ಮೂಲದ ಕುಟುಂಬಗಳು ಅದರ ವಾಹನ ನಿಲ್ಲಿಸುವ ಬಯಲಿಗೆ ಬಂದು ನಿಲ್ಲುತ್ತಿದ್ದವು. ಹ್ಯೂಸ್ಟನ್ನಿನ ವಿಯೆಟ್ನಾಮಿಗಳು ಬಂದು, ಪರಿಚಯವೇ ಇಲ್ಲದವರನ್ನು ಮನೆಗೆ ಕರೆದೊಯ್ಯುತ್ತಿದ್ದರು. 1975ರಲ್ಲಿ ಸೈಗಾನ್ ಬಿದ್ದ ಮೇಲೆ ಉಟ್ಟ ಬಟ್ಟೆಯಲ್ಲಿ ಬಂದಿಳಿದವರು ಎರಡೂ ಕಡೆ ಇದ್ದರು. ಕರೆಯುವವರಿಗೆ ಹೆಚ್ಚು ವಿವರ ಬೇಕಾಗಿರಲಿಲ್ಲ.

ಮನೆಯ ಮಕ್ಕಳ ಜೊತೆ ಬಂದ ಮಕ್ಕಳೂ ಹಳದಿ ಬಸ್ಸು ಹತ್ತಿದರು. ನೆಲೆ ಕಳೆದುಕೊಂಡ ಮಕ್ಕಳನ್ನು ಕಾಗದಪತ್ರ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕೆಂಬ ಕಾನೂನು ಅಲ್ಲಿದೆ. ದೊಡ್ಡವರು ಫೋನಿಗೆ ಜೋತುಬಿದ್ದರು. ಕೇಂದ್ರ ಸರಕಾರದ ವಿಪತ್ತು ಪರಿಹಾರ ಸಂಸ್ಥೆ ಫೀಮಾ ಕೊಡುವ ಮೊದಲ 2,000 ಡಾಲರಿಗೆ ಒಂದು ಸಾಲು, ವಿಮೆಗೆ ಇನ್ನೊಂದು. ಗಾಳಿ ಕಿತ್ತಿದ್ದಕ್ಕೆ ಒಂದು ಪಾಲಿಸಿ, ನೀರು ಕೆಡಿಸಿದ್ದಕ್ಕೆ ಬೇರೆಯೇ ಪಾಲಿಸಿ. ಎಲ್ಲ ಅರ್ಜಿಯಲ್ಲೂ ವಿಳಾಸ ಕೇಳುತ್ತಾರೆ. ಬಂದಾಕೆ ಪೆನ್ನು ಹಿಡಿದು ಮನೆಯಾಕೆಯತ್ತ ನೋಡಿದಳು. "ನಮ್ಮದೇ ಬರೀರಿ," ಎಂದು ಇವಳು ಪಿನ್‌ಕೋಡ್ ಹೇಳಿದಳು.

ಕತ್ರಿನಾ ಬಂದು ನಾಲ್ಕು ವಾರ ತುಂಬುವುದರೊಳಗೆ ಕೊಲ್ಲಿಯಲ್ಲಿ ಇನ್ನೊಂದು ಎದ್ದಿತು. ರೀಟಾ. ಅದರ ದಾರಿ ನೇರ ಹ್ಯೂಸ್ಟನ್ನಿನತ್ತ ಎಂದು ನಕ್ಷೆಗಳು ತೋರಿಸಿದವು. ನ್ಯೂ ಆರ್ಲಿಯನ್ಸ್‌ನ ಚಿತ್ರಗಳು ಎಲ್ಲರ ಕಣ್ಣಲ್ಲೂ ಇದ್ದವು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗೆ ಬಿದ್ದರು.

ಈಗ ಆ ಮನೆಯಲ್ಲಿ ಕೆಲಸ ಹಂಚಿದವರು ಬಂದವರು. ಮನೆಯಾಕೆ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರೆ ಗೆಳೆಯನ ಹೆಂಡತಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ಸೀರೆ ಬಿಡಿ ಅಕ್ಕಾ. ಮಕ್ಕಳ ಬರ್ತ್ ಸರ್ಟಿಫಿಕೇಟು, ಮನೆಯ ಪತ್ರ, ಪಾಸ್‌ಪೋರ್ಟು ಎಲ್ಲಿ? ಅತ್ತೆಯವರ ಬಿ.ಪಿ. ಮಾತ್ರೆ ಒಂದು ತಿಂಗಳಿಗಾಗುವಷ್ಟು ಇದೆಯಾ? ಮೊದಲು ಫ್ರಿಜ್ ಖಾಲಿ ಮಾಡಿ." ಫ್ರಿಜ್ಜಿನ ಮಾತು ಮನೆಯಾಕೆಗೆ ಆಗ ಅರ್ಥವಾಗಲಿಲ್ಲ. ವಾರಗಟ್ಟಲೆ ಕರೆಂಟಿಲ್ಲದೆ ಒಳಗೇ ಕೊಳೆತ ಫ್ರಿಜ್ಜುಗಳನ್ನು, ಬಾಗಿಲಿಗೆ ಟೇಪು ಸುತ್ತಿ ಸಾವಿರಾರು ಸಂಖ್ಯೆಯಲ್ಲಿ ಬೀದಿಬದಿಗೆ ತಂದಿಟ್ಟ ನ್ಯೂ ಆರ್ಲಿಯನ್ಸ್‌ನ ಚಿತ್ರ ಆಮೇಲೆ ಬಂತು.

ಆಸ್ಟಿನ್‌ಗೆ ಮೂರು ತಾಸಿನ ದಾರಿ. ಎರಡು ಕಾರು, ಒಂದು ಇಡೀ ಹಗಲು, ಒಂದು ರಾತ್ರಿ. ಪೆಟ್ರೋಲು ಉಳಿಸಲು ಎ.ಸಿ. ಆರಿಸಿ, ಒದ್ದೆ ಟವೆಲು ಹೊದ್ದು ಕೂತರು. ಬಂಕುಗಳಲ್ಲಿ ಪೈಪಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ರಸ್ತೆಬದಿಯಲ್ಲಿ ಕೆಟ್ಟು ನಿಂತ ವಾಹನಗಳ ಬಾನೆಟ್ಟುಗಳು ತೆರೆದೇ ಇದ್ದವು. ಡಲ್ಲಾಸ್ ಸಮೀಪ ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಹಿರಿಯರು ಸತ್ತರೆಂದು ರೇಡಿಯೊ ಹೇಳಿತು. ಅಜ್ಜಿ ರೇಡಿಯೊ ಆರಿಸಿದರು. ಅತ್ತೆ ಅವಲಕ್ಕಿ ಡಬ್ಬಿ ತೆರೆದು ಹಿಂದಕ್ಕೆ ದಾಟಿಸಿದರು.

ಆಸ್ಟಿನ್ನಿನಲ್ಲಿ ಮನೆಯಾಕೆಯ ದೂರದ ಬಂಧುವಿನ ಅಪಾರ್ಟ್‌ಮೆಂಟು. ಎರಡು ಕೋಣೆ, ಹೊಸದಾಗಿ ಮದುವೆಯಾದ ಜೋಡಿ. ಬಾಗಿಲಲ್ಲಿ ನಿಂತ ಮನೆಯಾಕೆಗೆ ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯಲಿಲ್ಲ. ಯಾವ ಟವೆಲು ಮುಟ್ಟಬಹುದು, ಕಾಫಿ ಇನ್ನೊಂದು ಲೋಟ ಕೇಳಬಹುದೇ, ಮಗು ಕೆಮ್ಮಿದರೆ ಅವರಿಗೆ ನಿದ್ದೆ ಕೆಡುತ್ತದೆಯೇ. ಅಜ್ಜಿ ಆಗಲೇ ಸಿಂಕಿನಲ್ಲಿದ್ದ ಪಾತ್ರೆಗೆ ಕೈಹಾಕಿದ್ದರು. ಒರೆಸುವ ಬಟ್ಟೆಯನ್ನು ತಿರುಗಿ ನೋಡದೆಯೇ ಮನೆಯಾಕೆಯತ್ತ ಚಾಚಿದರು.

ರೀಟಾ ಕೊನೆಗೆ ಪೂರ್ವಕ್ಕೆ ಹೊರಳಿ, ಸೆಪ್ಟೆಂಬರ್ 24ರ ನಸುಕಿನಲ್ಲಿ ಟೆಕ್ಸಸ್–ಲೂಸಿಯಾನಾ ಗಡಿಯಲ್ಲಿ ನೆಲ ಮುಟ್ಟಿತು. ಹ್ಯೂಸ್ಟನ್ ಬಹುಮಟ್ಟಿಗೆ ಉಳಿಯಿತು. ಗಾಳಿಗಿಂತ ಓಟವೇ ಹೆಚ್ಚು ಜನರನ್ನು ಕೊಂದಿತ್ತು. ಸೆಕೆಯಲ್ಲಿ, ರಸ್ತೆಯಲ್ಲಿ, ನೂರಕ್ಕೂ ಹೆಚ್ಚು ಮಂದಿ.

ನ್ಯೂ ಆರ್ಲಿಯನ್ಸ್‌ನ ನೀರು ಪೂರ್ತಿ ಇಳಿದದ್ದು ಅಕ್ಟೋಬರಿನಲ್ಲಿ. ಬಡಾವಣೆ ಬಡಾವಣೆಯಾಗಿ, ನೋಡಿ ಹೊರಟುಬಿಡಿ ಎಂಬ ಷರತ್ತಿನ ಮೇಲೆ ಜನರನ್ನು ಒಳಬಿಟ್ಟರು. ಜೆಂಟಿಲಿಯ ಮನೆಯ ಗೋಡೆಯ ಮೇಲೆ ಹುಡುಕಾಟದವರು ಬಣ್ಣದಲ್ಲಿ ಎಳೆದ ದೊಡ್ಡ ಕತ್ತರಿ ಗುರುತು, ಕೆಳಗಿನ ಮೂಲೆಯಲ್ಲಿ ಸೊನ್ನೆ: ಒಳಗೆ ಶವವಿಲ್ಲ. ಗಂಡ ಹೆಂಡತಿ ಮಕ್ಕಳಿಗಾಗಿ ಹ್ಯೂಸ್ಟನ್ನಿನಲ್ಲೇ ಅದೇ ಬಡಾವಣೆಯ ಬಾಡಿಗೆ ಮನೆ ಹಿಡಿದರು. ಎರಡು ವರ್ಷದ ನಂತರ ಮರಳಿದರು. ಅಜ್ಜಿ ಅವರಿಗಿಂತ ಮೊದಲೇ ಹೋಗಿಬಿಟ್ಟಿದ್ದರು, ಸರಕಾರ ಕೊಟ್ಟ ಟ್ರೇಲರಿಗೆ. ಹಿಂತಿರುಗದವರೂ ಬಹಳ. 2000ದಲ್ಲಿ 4,84,674 ಇದ್ದ ಊರಿನ ಜನಸಂಖ್ಯೆ 2010ರ ಗಣತಿಗೆ 3,43,829.

2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ನಿನ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಮೇಯರ್ ಸಿಲ್ವೆಸ್ಟರ್ ಟರ್ನರ್ ಊರು ಬಿಡಲು ಆದೇಶಿಸಲಿಲ್ಲ. ರೀಟಾದ ರಸ್ತೆಗಳು ಅವರಿಗೆ ನೆನಪಿದ್ದವು. ಕತ್ರಿನಾದಲ್ಲಿ ದೋಣಿ ಇಳಿಸಿ ಕಲಿತ ಲೂಸಿಯಾನಾದ ಮೀನುಗಾರರು, ಬೇಟೆಗಾರರು ತಮ್ಮ ದೋಣಿಗಳನ್ನು ಟ್ರಕ್ಕಿಗೆ ಕಟ್ಟಿಕೊಂಡು ಈ ಸಲ ಹ್ಯೂಸ್ಟನ್ನಿಗೆ ಬಂದರು. ಪಶ್ಚಿಮದ ಜಲಾಶಯಗಳಿಂದ ನೀರು ಬಿಟ್ಟಾಗ ಕೆಳಗಿನ ಬೀದಿಗಳು ಮುಳುಗಿದವು. ಓಕ್ ಮರದ ಮನೆ ಸ್ವಲ್ಪ ಎತ್ತರದಲ್ಲಿತ್ತು. ಬೀದಿಯ ಮೂರು ಮನೆಯವರು ಅದರ ಮಹಡಿಗೆ ಬಂದರು. ಗುಜರಾತಿಗಳು, ಒಬ್ಬ ಮೆಕ್ಸಿಕನ್ ಮೇಸ್ತ್ರಿಯ ಸಂಸಾರ, ಹೆಸರು ಕೂಡ ಗೊತ್ತಿರದ ಬಿಳಿಯ ಮುದುಕ, ಅವನ ಎರಡು ನಾಯಿ.

ಜೆಂಟಿಲಿಯಿಂದ ಫೋನು ಬಂದಾಗ ಮನೆಯಾಕೆ ಅನ್ನಕ್ಕೆ ನೀರಿಡುತ್ತಿದ್ದಳು. "ಅಕ್ಕಾ, ಎಷ್ಟು ಜನ?" "ಹದಿಮೂರು ಕಣೇ." "ಎಷ್ಟು ದಿನ ಅಂತ ಯಾರ್‍ಗೂ ಕೇಳ್ಬೇಡಿ. ಆದ್ರೆ ಇವತ್ತು ರಾತ್ರಿನೇ ಚೀಟಿ ಹಚ್ಚಿಬಿಡಿ. ಆ ಮುದುಕಪ್ಪಂಗೂ ಒಂದು ಕೆಲ್ಸ ಬರೀರಿ, ಮರೀಬೇಡಿ."

"ಬರ್‍ದಾಗಿದೆ," ಅಂದಳು ಮನೆಯಾಕೆ. "ಕಾಫಿ ಅವ್ರದ್ದು. ತೆಳ್ಳಗೆ ಮಾಡ್ತಾರೆ, ಏನ್ ಮಾಡೋದು, ಕುಡೀತಿದ್ದೀವಿ."