ಕೈಯಲ್ಲೇ ಊಟ, ಕಣ್ಣೆದುರು ಕಾಳಗ

ಅಮ್ಮ ಅಮೆರಿಕಕ್ಕೆ ಬಂದು ಮೂರು ವಾರವಾಗಿತ್ತು. ಹೊರಗೆ ಎಲ್ಲಿ ಊಟಕ್ಕೆ ಹೋದರೂ ಫೋರ್ಕು, ಚಮಚಗಳ ಜೊತೆ ಹೆಣಗಿ, ಅರೆಹೊಟ್ಟೆಯಲ್ಲೇ ಎದ್ದುಬಿಡುತ್ತಿದ್ದಳು. ಆ ಶನಿವಾರ ಸಂಜೆ ತಂಗಿ ನಮ್ಮನ್ನೆಲ್ಲ ನ್ಯೂಜೆರ್ಸಿಯ ಲಿಂಡ್‌ಹರ್ಸ್ಟ್‌ನಲ್ಲಿರುವ 'ಮಿಡೀವಲ್ ಟೈಮ್ಸ್' ಕೋಟೆಗೆ ಕರೆದುಕೊಂಡು ಹೋದಳು. ಬಾಗಿಲಲ್ಲೇ ಎಲ್ಲರ ತಲೆಗೂ ಒಂದೊಂದು ಕಾಗದದ ಕಿರೀಟ ಇಟ್ಟರು. ನಮಗೆ ಸಿಕ್ಕಿದ್ದು ಹಳದಿ. ಒಳಗೆ ಮಣ್ಣು ಹಾಸಿದ ಅಖಾಡ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಉದ್ದುದ್ದ ಮೇಜುಗಳು. ಹಳದಿ ಕಿರೀಟದವರೆಲ್ಲ ಹಳದಿ ಅಂಗಿಯ ಕುದುರೆ ಸವಾರನ ಕಡೆಯವರು, ಅವನಿಗಾಗಿ ಕೂಗಬೇಕು. ಬಡಿಸಲು ಬಂದ ಹುಡುಗ, ಇಲ್ಲಿ ಫೋರ್ಕಿಲ್ಲ, ಚಾಕುವಿಲ್ಲ, ಕೈಯಲ್ಲೇ ತಿನ್ನಬೇಕು ಅಂದ. ತಂಗಿ ಅದನ್ನು ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು. ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಹಾಗಾದ್ರೆ ಇವತ್ತು ಹೊಟ್ಟೆ ತುಂಬ ಉಣ್ಣಬಹುದು ಬಿಡು" ಅಂದಳು.

ಅಖಾಡದಲ್ಲಿ ಕುದುರೆಗಳು ತಾಳಕ್ಕೆ ಹೆಜ್ಜೆ ಹಾಕಿದವು. ಗಿಡುಗವೊಂದು ನಮ್ಮ ತಲೆಯ ಮೇಲೇ ಸುಳಿದು ಹೋಯಿತು. ಆರು ಬಣ್ಣದ ಆರು ಸವಾರರು ಉದ್ದನೆಯ ಭರ್ಜಿ ಹಿಡಿದು ಎದುರುಬದುರು ನುಗ್ಗಿ ಬಂದರು. ಎಂಟು ವರ್ಷದ ಸೋದರಳಿಯನೂ ಎಪ್ಪತ್ತು ದಾಟಿದ ಅಮ್ಮನೂ ಒಂದೇ ಕಡೆ ನೋಡುತ್ತ, ಒಂದೇ ಸವಾರನಿಗಾಗಿ ಕೂಗುತ್ತಿದ್ದರು. ಇಂಥದ್ದೊಂದು ಸಂಜೆಯನ್ನು ಮೊದಲು ಯಾರಿಗೆ ಕಟ್ಟಬೇಕೆನಿಸಿತು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆಗ.

ಊಟದ ನಡುವೆ ಆಟ ತೋರಿಸುವುದು ಯುರೋಪಿನ ಅರಮನೆಗಳಿಗೆ ಹೊಸದಾಗಿರಲಿಲ್ಲ. 1454ರ ಫೆಬ್ರವರಿ 17ರಂದು ಲಿಲ್ ನಗರದಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಕೊಟ್ಟ ಔತಣದಲ್ಲಿ, ಮೇಜಿನ ಮೇಲಿಟ್ಟಿದ್ದ ಭಾರೀ ಕಡುಬಿನಾಕಾರದ ಗೂಡೊಳಗೆ 28 ಸಂಗೀತಗಾರರು ಕೂತು ನುಡಿಸಿದರೆಂದು ಕಂಡವರು ಬರೆದಿಟ್ಟಿದ್ದಾರೆ. ಕೃತಕ ಆನೆಯ ಮೇಲೆ ಕೂತು ಬಂದ ಪಾತ್ರಧಾರಿಯೊಬ್ಬರು, ಹಿಂದಿನ ವರ್ಷ ತುರ್ಕರ ವಶವಾಗಿದ್ದ ಕಾನ್‌ಸ್ಟಾಂಟಿನೋಪಲ್‌ಗಾಗಿ ಅಂಗಲಾಚಿದರು. ದೊರೆ, ಸರದಾರರು ಜೀವಂತ ಫೆಸೆಂಟ್ ಹಕ್ಕಿಯ ಎದುರು ಯುದ್ಧಕ್ಕೆ ಹೊರಡುವ ಪ್ರತಿಜ್ಞೆ ಮಾಡಿದರು. ಆ ದಂಡಯಾತ್ರೆ ಕೊನೆಗೂ ಹೊರಡಲಿಲ್ಲ. ಆ ಆಟ ಊಟಕ್ಕೆ ಕರೆಸಿಕೊಂಡ ಸಿರಿವಂತರಿಗಷ್ಟೇ ಇತ್ತು. ಟಿಕೆಟ್ ಕೊಂಡ ಯಾರು ಬೇಕಾದರೂ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ಕೂರಬಹುದಾದ ಔತಣ ಹುಟ್ಟಿದ ಕಥೆಯಲ್ಲಿ ವಿಮಾನಕ್ಕೆ ದೊಡ್ಡ ಪಾತ್ರವಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಟ್ಲಾಂಟಿಕ್ ದಾಟುವ ವಿಮಾನಗಳು ಐರ್ಲೆಂಡಿನ ಪಶ್ಚಿಮ ಅಂಚಿನ ಶಾನನ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದವು. ಇಳಿದವರಿಗೆ ಊಟ ಬೇಕು, ಕೊಳ್ಳಲು ಏನಾದರೂ ಬೇಕು. ಅಲ್ಲಿನ ಊಟೋಪಚಾರದ ಹೊಣೆ ಹೊತ್ತಿದ್ದವರು ಬ್ರೆಂಡನ್ ಓ'ರೀಗನ್. ವಿಮಾನ ನಿಲ್ದಾಣದ ಮೊದಲ ಸುಂಕರಹಿತ ಅಂಗಡಿಯನ್ನು 1947ರಲ್ಲಿ ತೆರೆದವರು ಇವರೇ. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಜೆಟ್ ವಿಮಾನ ಬಂತು. ಶಾನನ್‌ನಲ್ಲಿ ಇಳಿಯುವ ಅಗತ್ಯವೇ ಇಲ್ಲದೆ ನೇರ ಹಾರಿಹೋಗುವ ಶಕ್ತಿ ಅದಕ್ಕಿತ್ತು. ನಿಲ್ದಾಣವನ್ನೇ ನಂಬಿದ್ದ ಸೀಮೆ ದಿಗಿಲುಗೊಂಡಿತು. 1959ರಲ್ಲಿ ಅಲ್ಲಿ ಸುಂಕರಹಿತ ಕೈಗಾರಿಕಾ ವಲಯ ಬಂತು. ಆದರೆ ಪ್ರಯಾಣಿಕರನ್ನು ಇಳಿಸಿಕೊಳ್ಳಬೇಕಾದರೆ ಇಳಿಯಲು ಒಂದು ಕಾರಣವನ್ನೂ ಕೊಡಬೇಕಿತ್ತು.

ನಿಲ್ದಾಣದಿಂದ ಸ್ವಲ್ಪ ದೂರದಲ್ಲೇ ಬನ್‌ರಾಟಿ ಕೋಟೆ ಇತ್ತು. ಹದಿನೈದನೇ ಶತಮಾನದ್ದು, ಪಾಳುಬಿದ್ದಿತ್ತು. ಅದನ್ನು 1954ರಲ್ಲಿ ಕೊಂಡು, ಜೀರ್ಣೋದ್ಧಾರ ಮಾಡಿಸಿ, ತಾನು ಕೂಡಿಟ್ಟಿದ್ದ ಹಳೆಯ ಕಾಲದ ಪೀಠೋಪಕರಣಗಳನ್ನೆಲ್ಲ ಅಲ್ಲಿ ತುಂಬಿಸಿದವನು ಲಾರ್ಡ್ ಗಾರ್ಟ್. 1960ರಲ್ಲಿ ಕೋಟೆ ಜನರಿಗೆ ತೆರೆಯಿತು. ಹಗಲು ನೋಡಿಹೋಗುವವರಿದ್ದರು. ರಾತ್ರಿಗೆ? ಶಾನನ್‌ನವರಿಗೆ ಕರಗತವಾಗಿದ್ದ ವಿದ್ಯೆ ಬಂದವರಿಗೆ ಊಟ ಹಾಕುವುದು. ಕಂಡ ದಾರಿಯೂ ಅದೇ. 1963ರಲ್ಲಿ ಬನ್‌ರಾಟಿಯ ದೊಡ್ಡ ಹಜಾರದಲ್ಲಿ ಮಧ್ಯಯುಗದ ಔತಣ ಶುರುವಾಯಿತು.

ಅರವತ್ತು ವರ್ಷ ದಾಟಿದರೂ ಅದರ ಕ್ರಮ ಹೆಚ್ಚು ಬದಲಾಗಿಲ್ಲ. ಜೇನಿನಿಂದ ಮಾಡಿದ ಮೀಡ್ ಎಂಬ ಪಾನೀಯದ ಸ್ವಾಗತ, ಕೊರಳಿಗೆ ಕಟ್ಟಿಕೊಳ್ಳಲು ಬಟ್ಟೆ, ಕೈಗೊಂದು ಚಾಕು. ಬಂದವರಲ್ಲೇ ಒಂದು ಜೋಡಿಯನ್ನು ಆರಿಸಿ ಆ ರಾತ್ರಿಯ ದೊರೆ, ದೊರೆಸಾನಿ ಮಾಡುತ್ತಾರೆ. ಇನ್ನೊಬ್ಬ ಬಡಪಾಯಿಯನ್ನು ತಪ್ಪಿತಸ್ಥನೆಂದು ಸೆರೆಮನೆಗೆ ತಳ್ಳುತ್ತಾರೆ, ಬಿಡುಗಡೆಗೆ ಅವನೊಂದು ಹಾಡು ಹೇಳಬೇಕು. ಹಾರ್ಪ್ ನುಡಿಸುತ್ತ ಹಾಡುವ ಹೆಣ್ಣುಮಕ್ಕಳೇ ನಡುವೆ ಬಡಿಸಲೂ ಬರುತ್ತಾರೆ. ನನಗೆ ಬಹಳ ಹಿಡಿಸಿದ ಸಂಗತಿ ಇದು. ಕಲಾವಿದರು ಒಂದು ಕಡೆ, ಪರಿಚಾರಕರು ಇನ್ನೊಂದು ಕಡೆ ಎಂಬ ಗೆರೆ ಅಲ್ಲಿಲ್ಲ. ಈಗಷ್ಟೇ ಸಾರು ಬಡಿಸಿದ ಕೈ ಮರುಗಳಿಗೆಯಲ್ಲಿ ತಂತಿ ಮೀಟುತ್ತಿರುತ್ತದೆ. ನಮ್ಮ ಕರಾವಳಿಯಲ್ಲಿ ಹರಕೆಯ ಬಯಲಾಟ ಆಡಿಸುವ ಮನೆಯವರೂ ಬಂದವರಿಗೆಲ್ಲ ಊಟ ಹಾಕುತ್ತಾರೆ. ಆದರೆ ಅಲ್ಲಿ ಉಂಡು ಕೈತೊಳೆದ ಮೇಲೆ ಚೌಕಿ, ಚೆಂಡೆ, ರಂಗಸ್ಥಳ. ಊಟವೂ ಆಟವೂ ಒಂದೇ ಉಸಿರಿನಲ್ಲಿ ನಡೆಯುವುದು ಬೇರೆಯೇ ಕಸುಬು.

ಅದೇ ಹೊತ್ತಿಗೆ ಸ್ಪೇನಿನ ಕಡಲತೀರಗಳಲ್ಲಿ ಇನ್ನೊಂದು ಬಗೆಯ ಪ್ರವಾಹ. ಅಗ್ಗದ ಚಾರ್ಟರ್ ವಿಮಾನಗಳಲ್ಲಿ ಉತ್ತರ ಯುರೋಪಿನ ಸಂಬಳದಾರರು ಸಂಸಾರ ಸಮೇತ ಬಿಸಿಲು ಹುಡುಕಿಕೊಂಡು ಬಂದರು. 1960ರಲ್ಲಿ ಸ್ಪೇನಿಗೆ ಬಂದ ಪ್ರವಾಸಿಗರು ಸುಮಾರು 60 ಲಕ್ಷ. 1973ಕ್ಕೆ ಆ ಸಂಖ್ಯೆ 3 ಕೋಟಿ ದಾಟಿತ್ತು. ಹಗಲೆಲ್ಲ ಮರಳಿನ ಮೇಲೆ ಕಳೆಯಿತು. ಸಂಜೆಗೆ ಬಾರು, ನೈಟ್ ಕ್ಲಬ್ಬುಗಳಿದ್ದವು, ಆದರೆ ಹತ್ತು ವರ್ಷದ ಮಗುವನ್ನೂ ಅಜ್ಜಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗುವುದು ಹೇಗೆ? ಮಯೋರ್ಕಾ ದ್ವೀಪದಲ್ಲಿ, ಬೆನಿಡಾರ್ಮ್‌ನಲ್ಲಿ ಕುದುರೆಕಾಳಗ ನೋಡುತ್ತ ಉಣ್ಣುವ ಕೋಟೆಗಳು ಎದ್ದವು. ಈ ವ್ಯವಹಾರದ ಹಿಂದಿದ್ದ ಹೋಸೆ ಮೊಂತಾನೆರ್ ಅದನ್ನೇ ಅಟ್ಲಾಂಟಿಕ್‌ನ ಆಚೆ ದಡಕ್ಕೂ ಒಯ್ದರು.

ಆಚೆ ದಡವೆಂದರೆ ಫ್ಲಾರಿಡಾದ ಕಿಸಿಮಿ. ಪಕ್ಕದಲ್ಲೇ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆದಿತ್ತು. ಅದರೊಳಗಿನ ಫೋರ್ಟ್ ವೈಲ್ಡರ್‌ನೆಸ್ ಬಿಡಾರದಲ್ಲಿ 1974ರಿಂದ 'ಹೂಪ್-ಡೀ-ಡೂ' ಎಂಬ ಹಾಡುಕುಣಿತದ ಊಟ ನಡೆಯುತ್ತಿತ್ತು. ಕರಿದ ಕೋಳಿ ತಗಡಿನ ಬಕೀಟಿನಲ್ಲಿ ಬರುತ್ತದೆ. ಕೊನೆಗೆ ಬರುವ ಸ್ಟ್ರಾಬೆರಿ ಕೇಕಿಗೆ ಅದರದೇ ಒಂದು ಹಾಡಿದೆ. ಕೊರೊನಾ ಕಾಲದಲ್ಲಿ ನಿಂತಿದ್ದು ಬಿಟ್ಟರೆ ಇವತ್ತಿಗೂ ಅದು ನಡೆಯುತ್ತಿದೆ. 1982ರಲ್ಲಿ ಎಪ್ಕಾಟ್ ಎಂಬ ಎರಡನೇ ಉದ್ಯಾನ ಬಂದ ಮೇಲೆ ಒಂದು ದಿನದ ಪ್ರವಾಸ ನಾಲ್ಕೈದು ದಿನಕ್ಕೆ ಬೆಳೆಯಿತು. ನಾಲ್ಕೈದು ದಿನವೆಂದರೆ ನಾಲ್ಕೈದು ಸಂಜೆ. 1983ರ ಡಿಸೆಂಬರ್ 20ರಂದು ಕಿಸಿಮಿಯಲ್ಲಿ ಮಿಡೀವಲ್ ಟೈಮ್ಸ್‌ನ ಮೊದಲ ಕೋಟೆ ಬಾಗಿಲು ತೆರೆಯಿತು. ಎರಡನೆಯದು 1986ರಲ್ಲಿ ಕ್ಯಾಲಿಫೋರ್ನಿಯಾದ ಬ್ಯೂಯೆನಾ ಪಾರ್ಕ್‌ನಲ್ಲಿ, ಅದೂ ಡಿಸ್ನಿಲ್ಯಾಂಡಿನಿಂದ ಹೆಚ್ಚು ದೂರವಿಲ್ಲದ ಕಡೆ. ನಾವು ಹೋದ ಲಿಂಡ್‌ಹರ್ಸ್ಟ್‌ನದು 1990ರದು.

ಇಷ್ಟು ದೊಡ್ಡ ಆಟ ಆರ್ಥಿಕವಾಗಿ ನಿಲ್ಲುವುದು ಹೇಗೆಂದು ಬಡಿಸುವ ಹುಡುಗರನ್ನು ನೋಡುತ್ತಲೇ ಅರ್ಥವಾಗುತ್ತದೆ. ಅದು ಪಂಕ್ತಿ ಊಟ. ಮೆನು ಕಾರ್ಡಿಲ್ಲ, ಯಾರಿಗೇನು ಬೇಕೆಂದು ಕೇಳಿ ಬರೆದುಕೊಳ್ಳುವುದಿಲ್ಲ, ಹಣ ಮೊದಲೇ ಸಂದಾಯವಾಗಿರುತ್ತದೆ. ಎಷ್ಟು ತಲೆ ಎಂಬುದು ಅಡುಗೆಮನೆಗೆ ಗೊತ್ತು. ಸಾರೋಟಿನ ಮೆರವಣಿಗೆ ಹೊರಟಂತೆ ಸಾಲು ಹಿಡಿದು ಬಂದು, ಸಾವಿರ ಜನಕ್ಕೆ ಒಂದೇ ಹೊತ್ತಿಗೆ ಒಂದೇ ಊಟ ಬಡಿಸಿ ಹೋಗುತ್ತಾರೆ. ಫೋರ್ಕು, ಚಾಕು ಇಲ್ಲದಿರುವುದು ಕಥೆಗೆ ಮೆರುಗು ಕೊಟ್ಟಂತೆ ಕೆಲಸವನ್ನೂ ಹಗುರ ಮಾಡುತ್ತದೆ. ಆಟ ಎರಡು ಗಂಟೆಯೊಳಗೆ ಮುಗಿದರೆ ಅದೇ ರಾತ್ರಿ ಇನ್ನೊಂದು ಪಂಕ್ತಿ. ನಮ್ಮ ಮದುವೆ ಮನೆಗಳಲ್ಲಿ ಎರಡನೇ ಪಂಕ್ತಿಯ ಗಡಿಬಿಡಿ ಕಂಡವರಿಗೆ ಆ ಹುಡುಗರ ಓಟ ಏನೂ ಹೊಸದಲ್ಲ.

ಎಲ್ಲರಿಗೂ ಹುರಿದ ಕೋಳಿ, ಟೊಮೆಟೊ ಸೂಪು, ಬೆಳ್ಳುಳ್ಳಿ ಬ್ರೆಡ್ಡು, ಜೋಳದ ತೆನೆ, ಆಲೂಗಡ್ಡೆ. ಸಸ್ಯಾಹಾರಿಗಳಿಗೆ ಕೋಳಿಯ ಬದಲು ಕಾಳಿನ ಪಲ್ಯದಂಥದ್ದು, ಅನ್ನ, ಹಮ್ಮಸ್. ಕಥೆ ನಡೆಯುವುದು ಹನ್ನೊಂದನೇ ಶತಮಾನದ ಸ್ಪೇನಿನಲ್ಲಿ. ಟೊಮೆಟೊ, ಆಲೂಗಡ್ಡೆ, ಗೋವಿನ ಜೋಳ ಮೂರೂ 1492ರಲ್ಲಿ ಕೊಲಂಬಸ್ ಹಾದಿ ತೆರೆದ ಮೇಲೆ ಅಮೆರಿಕ ಖಂಡದಿಂದ ಯುರೋಪಿಗೆ ಹೋದವು. ನಮ್ಮ ಸಾರಿಗೆ ಮೆಣಸಿನಕಾಯಿ ಬಂದದ್ದೂ ಆ ಹಡಗುಗಳ ದಾರಿಯಿಂದಲೇ. ಆ ಕಾಲದವರು ಬರಿಗೈಯಲ್ಲಿ ಬಾಚಿ ತಿನ್ನುತ್ತಿದ್ದರೆಂಬುದೂ ಪೂರ್ತಿ ನಿಜವಲ್ಲ. ಫೋರ್ಕು ಬಳಕೆಗೆ ಬಂದಿರಲಿಲ್ಲ, ಆದರೆ ಚಾಕು, ಚಮಚ ಇದ್ದವು. ಊಟಕ್ಕೆ ಮೊದಲೂ ಆಮೇಲೂ ಕೈತೊಳೆಯುವುದು ಅವರ ಪಂಕ್ತಿಯ ಶಿಷ್ಟಾಚಾರವಾಗಿತ್ತು. ಇದನ್ನೂ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ಕೈಯಲ್ಲಿ ಉಣ್ಣುವುದಕ್ಕೂ ಒಂದು ನಾಜೂಕು ಇದೆ, ಅದನ್ನು ಅಮ್ಮನ ಬೆರಳುಗಳು ಆ ಮೇಜಿನ ಮೇಲೆ ಸದ್ದಿಲ್ಲದೆ ತೋರಿಸುತ್ತಿದ್ದವು.

ಊಟದ ಜೊತೆ ಬಡಿಸುವ ಕಥೆಯನ್ನು ಆರಿಸುವವರು ಎಚ್ಚರವಾಗಿರಬೇಕು. ಗಾಯಕಿ ಡಾಲಿ ಪಾರ್ಟನ್ 1988ರಲ್ಲಿ ಟೆನೆಸಿಯ ಪಿಜನ್ ಫೋರ್ಜ್‌ನಲ್ಲಿ 'ಡಿಕ್ಸಿ ಸ್ಟ್ಯಾಂಪೀಡ್' ತೆರೆದರು. ಪ್ರೇಕ್ಷಕರನ್ನು ಉತ್ತರದವರು, ದಕ್ಷಿಣದವರು ಎಂದು ಎರಡು ಬಣ ಮಾಡಿ ಕುದುರೆ ಓಟ, ಆಟಗಳ ಪೈಪೋಟಿ. ಒಬ್ಬೊಬ್ಬರ ತಟ್ಟೆಗೂ ಒಂದೊಂದು ಇಡೀ ಕೋಳಿ. ಆದರೆ ಅಮೆರಿಕದ ಉತ್ತರ, ದಕ್ಷಿಣಗಳು ಕಾದಾಡಿದ್ದು ಗುಲಾಮಗಿರಿಗಾಗಿ. 'ಡಿಕ್ಸಿ' ಎಂಬ ಹೆಸರಿಗೆ ಆ ದಕ್ಷಿಣದ ನೆನಪು ಅಂಟಿಕೊಂಡಿದೆ. ಮನುಷ್ಯರನ್ನು ಮಾರಿದ ಕಾಲವನ್ನು ಮೋಜಿನ ಪಂದ್ಯವಾಗಿಸಿದ್ದು ಸರಿಯೇ ಎಂಬ ಪ್ರಶ್ನೆ 2017ರಲ್ಲಿ ಜೋರಾಗಿ ಎದ್ದಿತು. 2018ರಲ್ಲಿ ಆ ಪದವನ್ನು ಹೆಸರಿನಿಂದ ತೆಗೆದರು. ತೆಗೆದದ್ದು ಒಳ್ಳೆಯದಾಯಿತು. ಅಜ್ಜಿಯ ಮುತ್ತಜ್ಜಿ ಗುಲಾಮಳಾಗಿದ್ದ ಸಂಸಾರವೂ ರಜೆಗೆ ಬಂದು ಅದೇ ಮೇಜಿಗೆ ಕೂರುತ್ತದಲ್ಲ. ಮಿಡೀವಲ್ ಟೈಮ್ಸ್‌ನಲ್ಲೂ ಅದೇ ವರ್ಷದ ಹೊತ್ತಿಗೆ ರಾಜನ ಸಿಂಹಾಸನಕ್ಕೆ ರಾಣಿ ಬಂದಳು. ನಾವು ನೋಡಿದ ಆಟದಲ್ಲಿ ಅಪ್ಪಣೆ ಕೊಡುತ್ತಿದ್ದವಳು ಅವಳೇ.

ಆ ಸವಾರರ ಬಗ್ಗೆ ಒಂದು ಮಾತು. ಭರ್ಜಿ ತಗುಲಿ ಕುದುರೆಯಿಂದ ಉರುಳಿ ಬೀಳುವುದನ್ನು ಅವರು ಮತ್ತೆ ಮತ್ತೆ, ಕೆಲವೊಮ್ಮೆ ರಾತ್ರಿಗೆ ಎರಡೆರಡು ಸಲ ಮಾಡಬೇಕು. ಬೀಳುವುದು ಅಭ್ಯಾಸದ ಬೀಳುವಿಕೆಯೇ ಆದರೂ ನೆಲ ನೆಲವೇ. 2022ರಲ್ಲಿ ಲಿಂಡ್‌ಹರ್ಸ್ಟ್‌ನ, ಆಮೇಲೆ ಬ್ಯೂಯೆನಾ ಪಾರ್ಕ್‌ನ ಕಲಾವಿದರು, ಲಾಯದ ಕೆಲಸಗಾರರು ಸೇರಿ ಸಂಘ ಕಟ್ಟಲು ಮತ ಹಾಕಿದರು. ಸುರಕ್ಷತೆ, ಸಂಬಳ ಅವರ ಬೇಡಿಕೆ. ಬ್ಯೂಯೆನಾ ಪಾರ್ಕ್‌ನಲ್ಲಿ 2023ರ ಫೆಬ್ರವರಿಯಲ್ಲಿ ಶುರುವಾದ ಮುಷ್ಕರ ಸುಮಾರು ಒಂಬತ್ತು ತಿಂಗಳು ನಡೆಯಿತು. 2024ರಲ್ಲಿ ಸಂಘ ಹಿಂದೆ ಸರಿಯಿತು. ನಮ್ಮ ಹಳದಿಯವನು ಆ ರಾತ್ರಿ ಸೋತು ಮಣ್ಣಿನ ಮೇಲೆ ಬಿದ್ದಾಗ, ಎದೆ ಏರಿಳಿಯುವುದು ನಮ್ಮ ಮೇಜಿನಿಂದಲೇ ಕಾಣುತ್ತಿತ್ತು. ಸೋದರಳಿಯ ಅತ್ತೇಬಿಟ್ಟ. ಅಮ್ಮ ಅವನನ್ನು ತೊಡೆಯ ಮೇಲೆಳೆದುಕೊಂಡು, "ಎದ್ದು ಹೋಗ್ತಾನೆ ನೋಡು, ಆಟ ಅದು" ಅಂದಳು. ಆದರೆ ಅವನು ಎದ್ದು ಬಾಗಿಲು ದಾಟುವವರೆಗೂ ಕಣ್ಣು ಕೀಳಲಿಲ್ಲ.

ಕಾರು ಹತ್ತಿದ ಮೇಲೆ ಅಮ್ಮ ಕೇಳಿದ್ದು ಕುದುರೆಗಳ ಬಗ್ಗೆ. "ಇಷ್ಟು ಜನ ಉಂಡರಲ್ಲ, ಅವಕ್ಕೆ ಮೇವಾಯ್ತೇನೋ? ವಯಸ್ಸಾದ ಮೇಲೆ ಅವನ್ನ ಏನು ಮಾಡ್ತಾರೆ?" ಊರಿನಲ್ಲಿ ದನ ಸಾಕಿದವಳು, ಅವಳಿಗೆ ಅದು ಸಣ್ಣ ಪ್ರಶ್ನೆಯಲ್ಲ. ಮರುದಿನ ಓದಿ ತಿಳಿದು ಹೇಳಿದೆ: ಈ ಸ್ಪ್ಯಾನಿಷ್ ತಳಿಯ ಕುದುರೆಗಳು ಹುಟ್ಟುವುದು ಟೆಕ್ಸಸ್‌ನ ಸ್ಯಾಂಗರ್ ಎಂಬ ಊರಿನ ಹತ್ತಿರದ ಕಂಪನಿಯ ಫಾರ್ಮಿನಲ್ಲಿ, ಆಟ ಬಿಟ್ಟ ಮೇಲೆ ಮರಳಿ ಹೋಗುವುದೂ ಅಲ್ಲಿಗೇ. ಅಮ್ಮ ಕಾಫಿ ಲೋಟ ಕೆಳಗಿಟ್ಟು, ಆ ಊರು ತಂಗಿಯ ಮನೆಯಿಂದ ಎಷ್ಟು ದೂರ ಎಂದು ಕೇಳಿದಳು.