ಎರಡನೇ ನುಡಿ ಕಿವಿಗೆ ಬಿದ್ದಾಗ

ಟ ಬೇರೆ, ತ ಬೇರೆ ಎಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ಈ ವ್ಯತ್ಯಾಸ ಸುಲಭಕ್ಕೆ ಕೇಳಿಸುವುದಿಲ್ಲ. ಆದರೆ ಅವರ ಹಸುಗೂಸುಗಳಿಗೆ ಕೇಳಿಸುತ್ತದೆ! ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ಟ-ತಗಳನ್ನು ಬೇರೆಬೇರೆಯಾಗಿಯೇ ಗುರುತಿಸಿದವು. 10ರಿಂದ 12 ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಪಾಲು ಕುಗ್ಗಿತ್ತು. ಮನೆಮಾತಿಗೆ ಬೇಕಾದ ಸದ್ದುಗಳ ಕಡೆಗೆ ಕಿವಿ ಅಷ್ಟು ಬೇಗ ಹದಗೊಳ್ಳುತ್ತದೆ.

ಮುಂದೆ ಕಲಿಯುವ ಭಾಷೆಯನ್ನು ನಾವು ಕೇಳುವುದು ಹೀಗೆ ಹದಗೊಂಡ ಕಿವಿಯಿಂದಲೇ. ಕನ್ನಡದಲ್ಲಿರುವುದು ಒಂದೇ ವ. ಹಾಗಾಗಿ ಇಂಗ್ಲಿಷಿನ ಎರಡು ವಕಾರಗಳು ನಮಗೆ ಒಂದಾಗಿ ಕೇಳಿಸುತ್ತವೆ. ದ್ರಾಕ್ಷಿಬಳ್ಳಿಯೂ ವೈನ್, ದ್ರಾಕ್ಷಾರಸವೂ ವೈನ್. ಅದೇ ಹಿಂದಿ ಕಲಿಯುವಾಗ ಟ-ತಗಳ ತೊಡಕೇ ಇಲ್ಲ. ತಾಯ್ನುಡಿ ಅಡ್ಡ ಬರುವಷ್ಟೇ ಕೈಯನ್ನೂ ಹಿಡಿಯುತ್ತದೆ.

ವಾಕ್ಯದಲ್ಲೂ ಹೀಗೆಯೇ. 'ಭೀಮನನ್ನು ರಾಮ ಕಂಡ' ಎಂದರೆ ಕಂಡವನು ಯಾರೆಂಬ ಗೊಂದಲ ನಮಗಿಲ್ಲ, ವಿಭಕ್ತಿ ಪ್ರತ್ಯಯ ಅದನ್ನು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಪದಗಳ ಸರದಿಯದು. ಹೊಸಬರು ಮೊದಮೊದಲು ತಮ್ಮ ಭಾಷೆಯ ಸುಳಿವನ್ನೇ ಹುಡುಕುತ್ತಾರೆ.

ಚೆನ್ನಾಗಿ ಕಲಿತ ಮೇಲೂ ತಾಯ್ನುಡಿ ಸುಮ್ಮನಿರುವುದಿಲ್ಲ. ಗಿಯೋಮ್ ಥಿಯೆರಿ ಮತ್ತು ಯಾನ್‌ಜಿಂಗ್ ವೂ 2007ರಲ್ಲಿ ವರದಿ ಮಾಡಿದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಇಂಗ್ಲಿಷ್ ಬಲ್ಲ ಚೀನೀಯರಿಗೆ ಜೋಡಿಪದಗಳನ್ನು ಇಂಗ್ಲಿಷಿನಲ್ಲೇ ಕೊಟ್ಟು, ಅರ್ಥದಲ್ಲಿ ನಂಟಿದೆಯೇ ಎಂದು ಕೇಳಿದರು. ಕೆಲವು ಜೋಡಿಗಳನ್ನು ಚೀನೀ ಭಾಷೆಗೆ ತಂದರೆ ಒಂದೇ ಅಕ್ಷರ ಎರಡರಲ್ಲೂ ಬರುತ್ತಿತ್ತು. ಓದಿದವರಿಗೆ ಅದರ ಅರಿವಿರಲಿಲ್ಲ, ಆದರೆ ಮಿದುಳಿನ ವಿದ್ಯುತ್ ಅಲೆಗಳಲ್ಲಿ ಅದರ ಪ್ರಭಾವ ಕಾಣಿಸಿತು.

ಹಾಗಾದರೆ ಕಿವಿಯನ್ನು ಮತ್ತೆ ಪಳಗಿಸಲಾಗದೇ? ಖಂಡಿತ ಆಗುತ್ತದೆ. ಜಪಾನೀಯರಿಗೆ ಇಂಗ್ಲಿಷಿನ ರ-ಲ ಬೇರ್ಪಡಿಸುವುದು ಕಷ್ಟ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಅವರಿಗೆ ರ-ಲ ಮಾತ್ರ ಬೇರೆಯಾಗುವ ಜೋಡಿಪದಗಳನ್ನು ಕೇಳಿಸಿ, ಉತ್ತರ ಸರಿಯೋ ತಪ್ಪೋ ಎಂದು ಆಗಲೇ ತಿಳಿಸಿದರು. ಕೆಲವೇ ವಾರಗಳಲ್ಲಿ ಸುಧಾರಣೆ ಕಂಡಿತು, ಮೂರು ತಿಂಗಳ ನಂತರವೂ ಉಳಿದಿತ್ತು. ಗಮನಿಸಬೇಕಾದ್ದೇನೆಂದರೆ, ಒಬ್ಬರದೇ ದನಿ ಕೇಳಿ ಕಲಿತವರಿಗೆ ಹೊಸಬರ ಮಾತಿನಲ್ಲಿ ಅದು ಒದಗಲಿಲ್ಲ. ಹಲವು ದನಿ ಕೇಳಿದವರಿಗೆ ಒದಗಿತು.

ಆದ್ದರಿಂದ ಇಂಗ್ಲಿಷ್ ಅರ್ಥವಾಗದೆ ತಡವರಿಸುವ ಮಗುವನ್ನು ದಡ್ಡ ಎನ್ನಬೇಡಿ. ಒಬ್ಬ ಮೇಷ್ಟರ ದನಿ ಸಾಲದು, ಹತ್ತಾರು ಜನರ ಮಾತು ಕೇಳಿಸಿ, ತಪ್ಪಿದಲ್ಲಿ ಆಗಲೇ ತಿದ್ದಿ.